ಶರಣು ಹೇಳುವ ಹೊತ್ತು

"ಶರಣು ಹಾಕಿದ್ರೇನ್ರಿ ಎಲ್ಲಾರೂ?"

ಪ್ರಾರ್ಥನೆ ಮುಗಿದಿತ್ತು, ಮೈಕಿನ ಗೊರಗೊರ ಇನ್ನೂ ನಿಂತಿರಲಿಲ್ಲ. ಇಳಕಲ್ ಕಾಲೇಜಿನ ಆಫೀಸು ನೋಡಿಕೊಳ್ಳುವ ನೀಲಪ್ಪ ವರಾಂಡದ ಆ ತುದಿಯಿಂದ ಈ ತುದಿಗೆ ಓಡಾಡುತ್ತ ಕೂಗುತ್ತಿದ್ದರು. ಉಪನ್ಯಾಸಕರು, ಗುಮಾಸ್ತರು, ಅಂಗಳದಲ್ಲಿ ಸಾಲಾಗಿ ನಿಂತ ವಿದ್ಯಾರ್ಥಿಗಳು, ಎಲ್ಲರೂ ತಲೆ ತಗ್ಗಿಸಿ ಮೊಬೈಲ್ ಒತ್ತುತ್ತಿದ್ದರು.

ಬಸವೇಶ್ವರಿ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಪೊಲೀಸ್ ಇನ್‌ಸ್ಪೆಕ್ಟರ್ ಕೆಲಸ ಬಿಟ್ಟು ಬಾಗಲಕೋಟೆಯಲ್ಲಿ ಖಾಸಗಿ ಪತ್ತೇದಾರಿಕೆಗೆ ಇಳಿದ ಮೇಲೆ ನೋಡುವುದೇ ಅವಳ ಹೊಟ್ಟೆಪಾಡು. ಆದರೆ ಈ ಕೇಸಿನಲ್ಲಿ ನೋಡುವುದು ಇನ್ನೇನೂ ಉಳಿದಿಲ್ಲವೆಂದೇ ಅವಳು ತಿಳಿದಿದ್ದಳು. ಹೋದ ವಾರ ಶರಣಜ್ಯೋತಿ ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯ ಎದುರು, ತುಂಬಿದ ಸಭೆಯಲ್ಲಿ, ಸಂಸ್ಥೆಯ ಇಮೇಲ್ ಸರ್ವರ್ ಕೆಡಿಸಿದವಳು ಇವಳೇ ಎಂದು, ಅದನ್ನು ನೋಡಿಕೊಳ್ಳುತ್ತಿದ್ದ ನರ್ಗೀಸಳತ್ತ ಬೆರಳು ಮಾಡಿ ತೋರಿಸಿದ್ದಳು.

ಇವತ್ತು ಮಧ್ಯಾಹ್ನ ಮಂಡಳಿ ಮತ್ತೆ ಕೂಡಲಿತ್ತು. ನರ್ಗೀಸಳನ್ನು ಪೊಲೀಸರಿಗೆ ಒಪ್ಪಿಸಬೇಕೋ ಬೇಡವೋ ಎನ್ನುವುದೊಂದೇ ಅಲ್ಲಿ ತೀರ್ಮಾನವಾಗಬೇಕಿತ್ತು. ಅದಕ್ಕೆ ಮೊದಲು ನೀಲಪ್ಪನವರ ಬಾಯಿಂದ ಒಂದು ಮಾತನ್ನು ಇನ್ನೊಮ್ಮೆ ಕೇಳಿಸಿಕೊಂಡು ಹೋಗೋಣವೆಂದು ಅವಳು ಬೆಳಿಗ್ಗೆಯೇ ಇಳಕಲ್ಲಿಗೆ ಬಂದಿದ್ದಳು.

"ಏನ್ರಿ ನೀಲಪ್ಪಾರ ಇದು? ದಿನಾ ಹಿಂಗಽ ಏನು?"

"ದಿನಾ ಹಿಂಗಽರಿ ಮೇಡಂ. ಪ್ರಾರ್ಥನಿ ಮುಗದ ಕೂಡ್ಲೆ ಅಧ್ಯಕ್ಷರ ಮೇಲ್ ಬರ್ತೈತಿ. ಅದಕ್ಕ ಶರಣು ಅಂತ ಉತ್ತರ ಕಳಿಸಬೇಕು. ಕಳಿಸಿದ್ರ ಹಾಜರಿ, ಇಲ್ಲಂದ್ರ ಗೈರು. ಮೊದಲ ಬರೇ ಸ್ಟಾಫ್ ಹಾಕ್ತಿದ್ವಿ. ಈ ವರ್ಷ ಹುಡುಗ್ರೂ ಹಾಕ್ಬೇಕಂತ ಆರ್ಡರ್ ಆತು."

ನೀಲಪ್ಪ ಜೇಬಿನಿಂದ ಮೊಬೈಲ್ ತೆಗೆದು ತಮ್ಮ ಶರಣು ಒತ್ತಿದರು. ಆಮೇಲೆ ಇನ್ನೊಂದು ಜೇಬಿಗೆ ಕೈ ಹಾಕಿ ಇನ್ನೊಂದು ಮೊಬೈಲ್ ತೆಗೆದು ಅದರಲ್ಲೂ ಒತ್ತಿದರು.

"ಇದು ಯಾರದ್ರಿ?"

"ನಿಮ್ಮ ಅಣ್ಣಾರದು." ನೀಲಪ್ಪ ತುಸು ನಾಚಿಕೊಂಡು ನಕ್ಕರು. "ಪ್ರಭುಲಿಂಗ ಸರ್‌ಗೆ ಪುರಸೊತ್ತೆಲ್ಲಿ ಬರ್ತದ್ರಿ? ಅವರು ಈ ಕಾಲೇಜಿನ್ಯಾಗ ಇದ್ದಾಗಿಂದ್ಲೂ ಅವರ ಶರಣು ನಾನಽ ಹಾಕ್ತೇನಿ."

ಬಸವೇಶ್ವರಿಗೂ ನಗು ಬಂತು. ಅಣ್ಣ ಈಗ ಸಂಸ್ಥೆಯ ಕಂಪ್ಯೂಟರ್ ವಿಭಾಗಕ್ಕೇ ದೊಡ್ಡವನು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಾಲೇಜುಗಳ ಇಪ್ಪತ್ತು ಸಾವಿರ ಮೇಲ್ ಖಾತೆಗಳೂ ಅವನ ಕೈಕೆಳಗಿವೆ. ಆದರೂ ಚಿಕ್ಕಂದಿನಲ್ಲಿ ಪೂಜೆಯ ಹೊತ್ತಿಗೆ ಹಿತ್ತಲಿಗೆ ಓಡುತ್ತಿದ್ದ ಹುಡುಗ ಎಲ್ಲಿ ಹೋಗುತ್ತಾನೆ, ಅವನೊಳಗೇ ಇದ್ದಾನೆ ಅಂದುಕೊಂಡಳು. ಆ ನಗು ಅವಳ ಮುಖದ ಮೇಲೆ ಇದ್ದದ್ದು ಸ್ವಲ್ಪವೇ ಹೊತ್ತು.

"ಶರಣು ಅಧ್ಯಕ್ಷರಿಗೆ ಕಳಿಸಿದ್ರೋ, ಎಲ್ಲಾರಿಗೂ ಕಳಿಸಿದ್ರೋ?"

"ಎಲ್ಲಾರಿಗೂರಿ. ಒಬ್ರಿಗೆ ಶರಣು ಅಂದು ಉಳಿದವ್ರಿಗೆ ಮಾರಿ ತಿರುವಿದ್ರ ಅದು ಶರಣು ಹೆಂಗಾತ್ರಿ? ಹಿಂದ ಪ್ರಾರ್ಥನಿ ಮುಗದ ಮ್ಯಾಲ ಎದುರು ಬಂದ ಒಬ್ಬೊಬ್ರಿಗೂ ಕೈ ಮುಗೀತಿದ್ವಿ. ಈಗ ಮೊಬೈಲಿನ್ಯಾಗ ಮುಗೀತೇವಿ, ಅಷ್ಟಽ."

ಅಂಗಳದಲ್ಲಿದ್ದ ಇಡೀ ಕಾಲೇಜು ಹಾಗೆಯೇ ಎಲ್ಲರಿಗೂ ಕೈ ಮುಗಿಯುತ್ತಿತ್ತು.

ಬಸವೇಶ್ವರಿ ತಾನು ಬಂದ ಕೆಲಸಕ್ಕೆ ಇಳಿದಳು. "ನರ್ಗೀಸ ಶರಣು ಬ್ಯಾಡ ಅಂದಿದ್ಲು ಅಂದ್ರಲ್ಲ, ಅದನ್ನ ಮಧ್ಯಾಹ್ನ ಮೀಟಿಂಗಿನ್ಯಾಗ ನೀವು ಹೇಳ್ಬೇಕಾಗ್ತದ. ಆಕಿ ಏನಂದ್ಲು, ಆಕಿ ಮಾತಿನ್ಯಾಗಽ ಹೇಳ್ರಿ ನೋಡೋಣ."

ನೀಲಪ್ಪ ಮೊಬೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಇಲ್ಲೇ ಈ ಕಂಬದ ಹತ್ರ ನಿಂತಿದ್ಲ್ರಿ. 'ನೀಲಪ್ಪ ಸರ್, ಶರಣು ಅಧ್ಯಕ್ಷರಿಗಷ್ಟ ಹಾಕ್ರಿ, ಎಲ್ಲಾರಿಗೂ ಹಾಕ್ಬ್ಯಾಡ್ರಿ, ಮಿಶಿನ್ನಿಗೆ ತಡಿಯೂದಿಲ್ಲ' ಅಂದ್ಲು. ಕೈ ಮುಗದು ಅಂದ್ಲ್ರಿ, ಸುಳ್ಳ್ಯಾಕ ಹೇಳ್ಲಿ."

"ಇದನ್ನ ಅವತ್ತು ನನ್ನ ಮುಂದ ಹೇಳ್ಲಿಲ್ಲಲ್ರಿ ನೀವು?"

"ನೀವು ಕೇಳ್ಲಿಲ್ಲಲ್ರಿ ಮೇಡಂ. ಶರಣು ಬ್ಯಾಡ ಅಂದಿದ್ಲೇನು ಅಂದ್ರಿ, ಹೌದ್ರಿ ಅಂದೆ. ಅಷ್ಟಕ್ಕ ನೀವು ಎದ್ದು ಹೋದ್ರಿ."

ಬಸವೇಶ್ವರಿಯ ಕಿವಿಗಳು ಬಿಸಿಯಾದವು. ಹೋದ ವಾರ ಸಭೆಯಲ್ಲಿ ತಾನಾಡಿದ ಮಾತು ಒಂದಕ್ಷರವೂ ಬಿಡದೆ ನೆನಪಿಗೆ ಬಂತು. 'ಈ ಹುಡುಗಿಗೆ ನಮ್ಮ ಶರಣು ಎನ್ನುವುದೇ ಆಗಿಬರುತ್ತಿರಲಿಲ್ಲ. ಆ ಸಿಟ್ಟಿಗೇ ಮಾಡಿದ್ದಾಳೆ.' ಅಂದಾಗ ಮೇಜಿನ ಸುತ್ತ ಕೂತವರೆಲ್ಲ ತಲೆ ಆಡಿಸಿದ್ದರು. ಒಬ್ಬರೂ ಹೌದೇ ಎಂದು ಕೇಳಿರಲಿಲ್ಲ. ನರ್ಗೀಸ ಎಂಬ ಹೆಸರಿನ ಹುಡುಗಿಗೆ ಶರಣು ಬೇಡವೆಂದರೆ ನಂಬುವುದು ಎಲ್ಲರಿಗೂ ಬಲು ಸಲೀಸಾಗಿತ್ತು. ಎಲ್ಲರಿಗಿಂತ ಮೊದಲು ನಂಬಿದವಳು ತಾನು.

ಆಗ ನರ್ಗೀಸ ತಲೆ ಎತ್ತಿ ಅವಳನ್ನು ನೋಡಿದ್ದಳು. ಏನೋ ಹೇಳಲು ಬಾಯಿ ತೆರೆದು, ಸುತ್ತ ಆಡುತ್ತಿದ್ದ ತಲೆಗಳನ್ನು ಕಂಡು ಮುಚ್ಚಿಕೊಂಡಿದ್ದಳು. ಅದನ್ನು ಬಸವೇಶ್ವರಿ ಕಳ್ಳರ ಲಕ್ಷಣವೆಂದು ತಿಳಿದಿದ್ದಳು.

"ಇನ್ನೊಂದು ಹೇಳ್ರಿ. ಇವತ್ತು ನಾಕೂ ಊರಿನ ಹುಡುಗ್ರು ಹಿಂಗಽ ಹಾಕಾಕತ್ತಾರೇನು?"

"ಇಲ್ರಿ, ಸ್ಟಾಫ್ ದಿನಾ ಹಾಕ್ತೇವಿ, ಹುಡುಗ್ರಿಗೆ ಪಾಳಿ. ಇವತ್ತು ಬರೇ ಇಳಕಲ್ ಪಾಳಿ. ನಾಳಿ ಹುನಗುಂದ. ಬಾದಾಮಿ, ಬಾಗಲಕೋಟೆದು ಆಮ್ಯಾಲ. ಮೊದಲನೇ ದಿವಸ ಅಷ್ಟ ಎಲ್ಲಾ ಊರಾವ್ರೂ ಒಮ್ಮೆಲೆ ಹಾಕಿದ್ವಿ. ಅವತ್ತಽ ನೋಡ್ರಿ ಮೇಲ್ ಕುಂತಿದ್ದು."

"ಪಾಳಿ ಯಾರು ಮಾಡಿದ್ರು?"

"ನಿಮ್ಮ ಅಣ್ಣಾರಽ ಮಾಡಿದ್ರಿ. ಮರುದಿವಸನಽ."

*

ಗೇಟು ದಾಟಿ ಹೊರಗೆ ಬಂದರೂ ಬಸವೇಶ್ವರಿಗೆ ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಕಾಲು ತಾನಾಗಿಯೇ ನರ್ಗೀಸಳ ಮನೆಯ ಓಣಿಗೆ ತಿರುಗಿತು.

ನಡೆಯುತ್ತ ಕೇಸನ್ನು ಮೊದಲಿಂದ ಬಿಚ್ಚಿದಳು. ಆ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸಂಸ್ಥೆಯ ಮೇಲ್ ನಿಂತುಹೋಗಿತ್ತು. ನರ್ಸಿಂಗ್ ಸೀಟು ಸಿಕ್ಕಿದೆ, ಮಧ್ಯಾಹ್ನದೊಳಗೆ ಒಪ್ಪಿಗೆ ತಿಳಿಸಿ ಎಂಬ ಮೇಲ್ ಐಹೊಳೆಯ ಭಾಗ್ಯಜ್ಯೋತಿ ಎಂಬ ವಿದ್ಯಾರ್ಥಿನಿಗೆ ಮುಟ್ಟಿದ್ದು ಸಂಜೆ. ಅಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿತ್ತು. ಅವಳಂತೆ ಸೀಟು ಕಳಕೊಂಡ ಮಕ್ಕಳ ಪಾಲಕರು ಬಂದು ಗೇಟಿಗೆ ಅಡ್ಡ ಕೂತಾಗ ಮಂಡಳಿಗೆ ಒಬ್ಬ ಅಪರಾಧಿ ಬೇಕಾದ. ಪ್ರಭುಲಿಂಗ ತಂಗಿಯನ್ನು ಕರೆಸಿದ.

ಅಣ್ಣ ಕೊಟ್ಟ ಸಾಕ್ಷಿ ಎರಡು. ಸರ್ವರ್ ನೋಡಿಕೊಳ್ಳುತ್ತಿದ್ದ ನರ್ಗೀಸ ಅದೇ ಹೊತ್ತಿಗೆ ಅದನ್ನು ಬಂದ್ ಮಾಡಿದ್ದಳು, ಇದು ಒಂದು. ಮೇಲ್ ಇಡುವ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇತ್ತು, ಇದು ಇನ್ನೊಂದು. 'ಅರ್ಧ ಖಾಲಿ ಇದ್ದ ಮಿಶಿನ್ ತಾನಾಗಿ ಹೆಂಗ ಕುಂದರ್ತದ ಬಸವ್ವಾ? ಯಾರೋ ಕುಂದ್ರಿಸ್ಯಾರ' ಅಂದಿದ್ದ. ಬಸವೇಶ್ವರಿ ಅಣ್ಣನ ಮಾತನ್ನು ಸಾಕ್ಷಿಯೆಂದೇ ಎತ್ತಿಕೊಂಡಿದ್ದಳು. ಬೇರೆ ಯಾರು ಹೇಳಿದ್ದರೂ ಎರಡು ಸಲ ಕೇಳುತ್ತಿದ್ದಳು.

ಓಣಿಯ ಬಾಯಲ್ಲಿ ಜಗಳ ನಡೆದಿತ್ತು. ಅವತ್ತು ಆ ಓಣಿಗೆ ನೀರಿನ ಪಾಳಿ. ಮೂಲೆಯಲ್ಲಿ ಹೊಸದಾಗಿ ಕಟ್ಟಿದ ದೊಡ್ಡ ಟಾಕಿ ತುಂಬಿ ತುಳುಕುತ್ತಿತ್ತು. ಅದರ ಕೆಳಗೆ ಇದ್ದದ್ದು ಒಂದೇ ನಳ. ಆ ನಳದ ಮುಂದೆ ಕೊಡ, ಬಕೆಟ್, ಪಾತೇಲಿಗಳ ಸಾಲು ತಿರುವಿನವರೆಗೂ ಹೋಗಿತ್ತು.

"ಟಾಕಿ ತುಂಬೈತಿ, ನನ್ನ ಕೊಡ ಬರಿದಾಗೈತಿ!" ಅಂತ ಹಿಂದಿನಿಂದ ಯಾರೋ ಕೂಗಿದರು. "ಮೇಲಿನ ಓಣಿಯವ್ರೂ ಇಲ್ಲಿಗಽ ಬಂದ್ರ ಪಾಳಿ ಯಾತಕ್ಕ ಮಾಡ್ಯಾರ?"

ಬಸವೇಶ್ವರಿ ನಿಂತಲ್ಲೇ ನಿಂತಳು. ಟಾಕಿಯನ್ನು ನೋಡಿದಳು, ನಳವನ್ನು ನೋಡಿದಳು, ಸಾಲನ್ನು ನೋಡಿದಳು. ಟಾಕಿಯಲ್ಲಿ ಎಷ್ಟು ಹಿಡಿಸುತ್ತದೆ ಎನ್ನುವುದು ಬೇರೆ, ಎಲ್ಲರೂ ಒಮ್ಮೆಲೇ ಬಂದು ನಿಂತರೆ ಒಂದು ಗಳಿಗೆಯಲ್ಲಿ ಎಷ್ಟು ಕೊಡ ತುಂಬುತ್ತದೆ ಎನ್ನುವುದು ಬೇರೆ. ಅಣ್ಣ ಅವಳಿಗೆ ಟಾಕಿ ತೋರಿಸಿದ್ದ. ನಳ ತೋರಿಸಿರಲಿಲ್ಲ.

ಪಾಳಿ ಹಚ್ಚಿದವನಿಗೆ ನಳ ಸಣ್ಣದೆಂದು ಗೊತ್ತಿರಲೇಬೇಕು. ಅಣ್ಣ ಮರುದಿನವೇ ಪಾಳಿ ಹಚ್ಚಿದ್ದ.

"ಬಾಯಾರ, ನೀವಾ?"

ಸಾಲಿನಿಂದ ಒಬ್ಬ ಹೆಂಗಸು ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಹತ್ತಿರ ಬಂದಳು. ಅವಳು ರೋಷನಬಿ, ನರ್ಗೀಸಳ ತಾಯಿ. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ಬೈಯಲಿ ಅಂದುಕೊಂಡಳು ಬಸವೇಶ್ವರಿ. ನಾಲ್ಕು ಮಂದಿಯ ಎದುರು ಬೈದರೆ ಎಷ್ಟೋ ಹಗುರಾಗುತ್ತಿತ್ತು.

"ಬಿಸಿಲಾಗ ಯಾಕ ನಿಂತೀರಿ? ಮನಿಗೆ ಬರ್ರಿ, ಒಂದು ಕಪ್ ಚಹಾ ಕುಡದು ಹೋಗೀರಂತ."

"ಬ್ಯಾಡ್ರಿ. ನರ್ಗೀಸ ಅದಾಳೇನ್ರಿ?"

"ಇಲ್ರಿ, ಮುಂಜಾನೇನಽ ಎದ್ದು ಎಲ್ಲಿಗೋ ಹೋದ್ಲು. ಎಲ್ಲಿಗೆ ಅಂದ್ರ ಹೇಳ್ಲಿಲ್ಲ."

ಕೇಳಿ ಬಸವೇಶ್ವರಿಗೆ ಸಮಾಧಾನವಾಯಿತು. ಆ ಹುಡುಗಿಯ ಮುಖ ನೋಡುವುದು ಈಗ ತಪ್ಪಿತಲ್ಲ ಎಂಬ ಸಮಾಧಾನ. ಮರುಕ್ಷಣವೇ ಅದಕ್ಕೆ ಅವಳಿಗೆ ಎಂಥ ನಾಚಿಕೆಯಾಯಿತೆಂದರೆ ಸೆರಗಿನಿಂದ ಬೆವರು ಒರೆಸುವ ನೆಪದಲ್ಲಿ ಮುಖ ಮುಚ್ಚಿಕೊಂಡಳು.

"ಬಾಯಾರ," ರೋಷನಬಿ ದನಿ ತಗ್ಗಿಸಿದಳು. "ನನ್ನ ಮಗಳಿಗೆ ಜೇಲ್ ಆಗ್ತದೇನ್ರಿ? ಓಣ್ಯಾಗ ಎಲ್ಲಾರೂ ಹಂಗಽ ಅಂತಾರ. ನೀವು ದೊಡ್ಡವರು ತಿಳಕೊಂಡೀರಿ, ನೀವಽ ಹೇಳ್ರಿ. ಆಕಿ ಮಾಡ್ಯಾಳೇನ್ರಿ?"

ಇಲ್ಲ, ನಾನು ಸುಳ್ಳು ಹೇಳಿದೆ ಎನ್ನಲು ಎಷ್ಟು ಮಾತು ಬೇಕು? ಬಸವೇಶ್ವರಿಯ ನಾಲಿಗೆಗೆ ಅಷ್ಟೂ ಬರಲಿಲ್ಲ.

"ಮಧ್ಯಾಹ್ನದೊಳಗ ನಾನಽ ಫೋನ್ ಮಾಡ್ತೇನ್ರಿ. ಎಲ್ಲಾ ಛಲೋ ಆಗ್ತದ."

ರೋಷನಬಿ ನಂಬಿದಳು. ಬಸವೇಶ್ವರಿ ಕಾರು ಹತ್ತಿದ ಮೇಲೆ ಹುನಗುಂದ ದಾಟುವವರೆಗೂ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಿಲ್ಲ.

*

ಬಾಗಲಕೋಟೆಯ ನವನಗರದಲ್ಲಿ ಪ್ರಭುಲಿಂಗನ ಮನೆ. ಅವನು ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀಟಿಂಗಿಗೆ ಹೊರಡುವ ಮುಂಚೆ ಚುರುಮುರಿ ಸುಸಲಾ ತಿನ್ನುತ್ತ ಕೂತಿದ್ದ. ಕೋಟು ಕುರ್ಚಿಯ ಬೆನ್ನಿಗೆ ಇತ್ತು.

"ಬಾ ಬಸವ್ವಾ, ವೇಳ್ಯಾಕ್ಕ ಬಂದಿ. ಇಕಿಗೊಂದು ತಾಟು ಹಚ್ಚು" ಎಂದು ಅಡಿಗೆಮನೆಯಲ್ಲಿದ್ದ ಹೆಂಡತಿಗೆ ಕೂಗಿದ.

ವೈನಿ ತಾಟು ತಂದಿಟ್ಟು ಹೋದಳು. ಬಸವೇಶ್ವರಿ ಮುಟ್ಟಲಿಲ್ಲ.

"ಅಣ್ಣಾ, ಡಿಸ್ಕಿನ್ಯಾಗ ಜಾಗ ಅರ್ಧ ಖಾಲಿ ಇತ್ತು ಅಂದಿ."

"ಇತ್ತು. ಈಗೂ ಐತಿ. ಬೇಕಾದ್ರ ಬಾ, ಮಂಡಳಿಯವ್ರ ಮುಂದಽ ತೆಗದು ತೋರಿಸ್ತೇನಿ."

"ಜಾಗ ಬ್ಯಾಡ. ಅದರ ಓಟ ಎಷ್ಟು, ಅದನ್ನ ಹೇಳು. ಎಲ್ಲಾರೂ ಒಮ್ಮೆಲೆ ಬಂದ್ರ ಒಂದು ಕ್ಷಣದಾಗ ಎಷ್ಟು ಸಲ ಬರೀಬಲ್ಲದು ಆ ಡಿಸ್ಕು?"

ಪ್ರಭುಲಿಂಗನ ಚಮಚ ಬಾಯಿಯ ಹತ್ತಿರ ಹೋಗಿ ನಿಂತಿತು.

"ಇದನ್ನ ಯಾರು ಹೇಳಿಕೊಟ್ರು ನಿನಗ?"

"ಇಳಕಲ್ಲಿನ ನಳ."

ಅವನಿಗೆ ಅರ್ಥವಾಗಲಿಲ್ಲ. ಆದರೆ ಇಷ್ಟು ವರ್ಷ ಪಾಠ ಹೇಳಿದವನ ಬಾಯಿ, ಪ್ರಶ್ನೆ ಬಂದರೆ ಸುಮ್ಮನಿರುವುದಿಲ್ಲ.

"ಅದಕ್ಕೊಂದು ಲೆಕ್ಕ ಇರ್ತದ. ಖಾತೆ ಎಷ್ಟು ಅದಾವ, ಒಂದು ಖಾತೆಗೆ ದಿನಕ್ಕ ಮೇಲ್ ಎಷ್ಟು ಬರ್ತಾವ, ಎಷ್ಟು ಹೋಗ್ತಾವ, ಅದರ ಮ್ಯಾಲಿಂದ ಒಂದು ಖಾತೆ ಒಂದು ಕ್ಷಣದಾಗ ಎಷ್ಟು ಸಲ ಡಿಸ್ಕಿನ ಬಾಗಲಾ ಬಡೀತದ ಅಂತ ತೆಗೀಬೇಕು. ಓದೂದು ಹಗುರ. ಬರಿಯೂದು ಡಬಲ್, ಯಾಕಂದ್ರ ಒಂದು ಡಿಸ್ಕು ಕೆಟ್ರ ಇನ್ನೊಂದು ಇರ್ಲಿ ಅಂತ ಎರಡರಾಗೂ ಬರೀತೇವಿ. ಅದನ್ನ ಎಲ್ಲಾ ಖಾತೆಗೆ ಗುಣಿಸಿದ್ರ ಎಂಥಾ ಡಿಸ್ಕು ಬೇಕು, ಎಷ್ಟು ಬೇಕು ಅನ್ನೂದು ಬರ್ತದ."

"ದಿನಕ್ಕ ಎಷ್ಟು ಅಂತ ನೋಡಿದ್ರ ಸಾಕೇನು? ದಿನದಾಗ ಎಲ್ಲಾಕಿಂತ ಗದ್ದಲ ಇರೂ ಹೊತ್ತು ಒಂದಿರ್ತದಲ್ಲ?"

"ಇರ್ತದ. ಲೆಕ್ಕ ಆ ಹೊತ್ತಿಂದಽ ಹಿಡೀಬೇಕು."

"ನೀ ಯಾವ ಹೊತ್ತಿಂದು ಹಿಡದಿ?"

ಪ್ರಭುಲಿಂಗ ಚಮಚ ಕೆಳಗಿಟ್ಟ.

"ಆಫೀಸಿನ ಹೊತ್ತು" ಎಂದ. "ಹನ್ನೊಂದರ ಸುಮಾರು."

"ಪ್ರಾರ್ಥನಿ ಮುಗದ ಹೊತ್ತು ಹಿಡೀಲಿಲ್ಲ?"

"ಪ್ರಾರ್ಥನಿ ಅಂದ್ರ ಪ್ರಾರ್ಥನಿ, ಬಸವ್ವಾ. ಅದನ್ನ ಯಾರರ ಲೆಕ್ಕಕ್ಕ ಹಿಡೀತಾರೇನು?"

"ಮಿಶಿನ್ನಿಗೆ ಗೊತ್ತೇನು ಅದು ಪ್ರಾರ್ಥನಿ ಅಂತ?"

ಒಳಗೆ ವೈನಿಯ ಬಳೆ ಸದ್ದು ನಿಂತಿತು.

"ನೀ ಒಂದು ದಿನರ ನಿನ್ನ ಕೈಲೆ ಶರಣು ಹಾಕಿದ್ರ ತಿಳೀತಿತ್ತು" ಎಂದಳು ಬಸವೇಶ್ವರಿ. "ಒಬ್ಬಾಂವ ಶರಣು ಅಂದ್ರ ಅದು ಸಾವಿರಾರು ಮಂದಿ ಖಾತೆಯೊಳಗ ಹೋಗಿ ಬೀಳ್ತದ. ಅವ್ರೂ ಒಬ್ಬೊಬ್ರು ಎಲ್ಲಾರಿಗೂ ಶರಣು ಅಂತಾರ. ಬರೇ ಸ್ಟಾಫ್ ಇದ್ದಾಗ ಹೆಂಗೋ ಏದುಸಿರು ಬಿಡ್ತಾ ತಡಕೊಂಡಿತ್ತು. ಹುಡುಗ್ರೂ ಸೇರಿದ ದಿವಸ ಕುಂತುಬಿಡ್ತು. ಯಾರೂ ಕುಂದ್ರಸ್ಲಿಲ್ಲ ಅದನ್ನ. ಹೌದಲ್ಲ?"

"ನರ್ಗೀಸ ಬಂದ್ ಮಾಡಿದ್ದು ಖರೆ ಐತಿ."

"ಯಾಕ ಮಾಡಿದ್ಲು?"

ಪ್ರಭುಲಿಂಗ ಗೋಡೆ ನೋಡಿದ. ಗೋಡೆಯ ಮೇಲೆ ನಾಲ್ಕೂ ಕಾಲೇಜಿನವರು ಸೇರಿ ಅವನಿಗೆ ಶಾಲು ಹೊದಿಸುತ್ತಿದ್ದ ಫೋಟೋ ಇತ್ತು. ಸರ್ವರ್ ಉದ್ಘಾಟನೆಯ ದಿನದ್ದು.

"ಉಸಿರು ಕಟ್ಟಿದ ಮಿಶಿನ್ನ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ತಾರ. ನಾ ಇದ್ರೂ ಅದನ್ನಽ ಮಾಡ್ತಿದ್ದೆ."

"ಅಂದ್ರ ನಿನಗ ಅವತ್ತಽ ಗೊತ್ತಿತ್ತು."

"ಸಂಜೀಕ ಗೊತ್ತಾತು. ನಿಂತಿದ್ದ ಮೇಲ್ ಎಲ್ಲಾ ತಾವಽ ಒಂದೊಂದಽ ಹೋಗಿ ಮುಟ್ಟಿದ್ವು. ಯಾರರ ಕೆಡಿಸಿದ್ರ ತಾವಽ ಹೆಂಗ ಮುಟ್ಟತಿದ್ವು?" ಅವನ ದನಿ ಇಳಿಯುತ್ತ ಬಂತು. "ಆಕಿ ಮೊದಲಽ ಹೇಳಿದ್ಲು ಬಸವ್ವಾ. ಹುಡುಗ್ರು ಸೇರೂಕಿಂತ ಮೊದಲ ನನ್ನ ಚೇಂಬರಿಗೆ ಬಂದು ಹೇಳಿದ್ಲು. ಸರ್, ಮುಂಜಾನಿ ಹೊತ್ತಿಂದು ಒಮ್ಮೆ ಅಳದು ನೋಡ್ರಿ ಅಂದ್ಲು. ನಾ ಏನಂದೆ ಗೊತ್ತೇನು? ನಿನಗ ನಮ್ಮ ಶರಣು ತಿಳಿಯೂದಿಲ್ಲ, ಹೋಗವಾ ಅಂದೆ."

ಬಸವೇಶ್ವರಿಗೆ ಅಣ್ಣನ ಮೇಲೆ ಕೂಗಬೇಕೆನ್ನಿಸಿತು. ಆದರೆ ಆ ಮಾತು ತನ್ನದೂ ಆಗಿತ್ತು. ಅವನು ಚೇಂಬರಿನಲ್ಲಿ ಒಬ್ಬಳ ಎದುರು ಆಡಿದ್ದನ್ನು ಇವಳು ತುಂಬಿದ ಸಭೆಯಲ್ಲಿ ಆಡಿದ್ದಳು.

"ಮತ್ತ ನನ್ನ ಯಾಕ ಕರೆಸಿದಿ? ಬ್ಯಾರೆ ಯಾರರ ಸಿಗಲಿಲ್ಲೇನು ನಿನಗ?"

"ಬ್ಯಾರೆಯವ್ರು ಡಿಸ್ಕು ಅಳೀತಿದ್ರು" ಎಂದ ಪ್ರಭುಲಿಂಗ. "ನೀ ನನ್ನ ಮಾತು ನಂಬ್ತಿದ್ದಿ."

ಇದಕ್ಕಿಂತ ಒಂದು ಏಟು ಹಾಕಿದ್ದರೆ ಬೇಕಿತ್ತು. ಕೂತ ಕುರ್ಚಿಯ ಹಿಡಿಯನ್ನು ಬಸವೇಶ್ವರಿ ಬಿಗಿಯಾಗಿ ಹಿಡಿದಳು. ಠಾಣೆಯಲ್ಲಿ ಎಂಥೆಂಥ ಪಾಕಡರನ್ನು ಬಾಯಿಬಿಡಿಸಿದವಳು ಎಂದು ಹೆಸರು ಮಾಡಿದವಳನ್ನು ಮನೆಯವನೇ ಇಷ್ಟು ಸಸಾರ ಮಾಡಿ ಬಳಸಿಕೊಂಡಿದ್ದ.

"ನಾಚಿಕಿ ಆತು ನನಗ" ಎಂದ ಅವನು. ಕಣ್ಣು ತುಂಬಿದ್ದವು. "ನಾಕೂ ಊರಾಗ ನನ್ನ ಕಂಪ್ಯೂಟರ್ ಪ್ರಭುಲಿಂಗ ಅಂತಾರ. ಅಂದಾಜು ತಪ್ಪಿತು ಅಂತ ಹೆಂಗ ಹೇಳ್ಲಿ? ಎಂಥಾದ್ದೋ ದೊಡ್ಡ ಸಂಗತಿ ತಪ್ಪಿದ್ರ ಹೇಳಬಹುದಿತ್ತು. ದಿನಾ ಮುಂಜಾನೆ ಎಲ್ಲಾರೂ ಮಾಡೂದನ್ನ ಮರತೆ ಅಂತ ಹೇಳ್ಲೇನು? ಐಹೊಳಿ ಹುಡುಗಿ ಅಪ್ಪ ಗೇಟಿನ ಮುಂದ ಕುಂತಿದ್ದ. ನನ್ನ ನೋಡಿ ಎದ್ದು ನಿಂತು ಶರಣ್ರಿ ಸರ್ ಅಂದ. ಸತ್ತು ಹೋಗಿದ್ರ ಛಲೋ ಇತ್ತು ಅನ್ನಿಸ್ತು."

"ಸಾಯೂದು ಬ್ಯಾಡ. ನನ್ನ ಜೋಡಿ ಮೀಟಿಂಗಿಗೆ ಬಾ. ಇದನ್ನಽ ಅಲ್ಲೂ ಹೇಳು. ನಾ ಮೊದಲ ಹೇಳ್ತೇನಿ, ನಂದೂ ತಪ್ಪಾತು ಅಂತ. ಆಮ್ಯಾಲ ನೀ ಹೇಳು."

ಪ್ರಭುಲಿಂಗ ಎದ್ದು ಕೋಟು ತೊಟ್ಟ.

"ನಡಿ" ಎಂದ. "ಹೇಳ್ತೇನಿ."

ಅಡಿಗೆಮನೆಯ ಬಾಗಿಲಲ್ಲಿ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸವೇಶ್ವರಿಗೆ ಎದೆಯ ಮೇಲಿನ ಭಾರ ಸ್ವಲ್ಪ ಇಳಿದಂತಾಯಿತು. ರೋಷನಬಿಗೆ ಈಗಲೇ ಹೇಳಿಬಿಡೋಣವೆಂದು ಮೊಬೈಲ್ ಎತ್ತಿಕೊಳ್ಳುವಷ್ಟರಲ್ಲಿ ಅದೇ ರಿಂಗಾಯಿತು. ರೋಷನಬಿಯದೇ ಕರೆ.

ಆ ಕಡೆ ಜನರ ಗದ್ದಲ, ಮಾತು ಕೇಳಿಸಲೊಲ್ಲದು. ಬಸವೇಶ್ವರಿ ಸ್ಪೀಕರ್ ಒತ್ತಿ ಮೊಬೈಲನ್ನು ಮೇಜಿನ ಮೇಲಿಟ್ಟಳು.

"ಬಾಯಾರ, ನರ್ಗೀಸಂದು ಈಗ ಫೋನ್ ಬಂದಿತ್ರಿ. ಬಾಗಲಕೋಟ್ಯಾಗ ಅದಾಳಂತ. ಅಧ್ಯಕ್ಷರ ಮುಂದ ಹೋಗಿ ಒಪ್ಪಿಕೊಂಡು ಬಂದ್ಲಂತ್ರಿ."

"ಏನು ಒಪ್ಪಿಕೊಂಡ್ಲು?"

"ನಾನಽ ಕೆಡಿಸಿದೆ ಅಂತ. ಸೈನೂ ಮಾಡಿಕೊಟ್ಲಂತ." ರೋಷನಬಿಯ ದನಿ ಒಡೆಯಿತು. "ಯಾಕವಾ ಹಂಗ ಮಾಡಿದಿ ಅಂದೆ. ನೀವಽ ಹೇಳಿದ್ರಂತಲ್ರಿ ಬಾಯಾರ? ಒಪ್ಪಿಕೊಂಡ್ರ ಪೊಲೀಸ್ ಕೇಸ್ ಆಗೂದಿಲ್ಲ, ಸಣ್ಣ ತಂಗಿ ಅದಽ ಕಾಲೇಜಿನ್ಯಾಗ ಓದ್ತಾಳ, ಆಕಿಗೂ ತ್ರಾಸ ಆಗೂದಿಲ್ಲ ಅಂತ. ಖರೆ ಏನ್ರಿ ಅದು? ತ್ರಾಸ ಆಗೂದಿಲ್ಲಲ್ರಿ?"

ಹೇಳಿದ್ದಳು. ಹೋದ ವಾರ, ಸಭೆ ಮುಗಿದ ಮೇಲೆ, ನರ್ಗೀಸಳನ್ನು ಮೆಟ್ಟಿಲ ಮರೆಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಅಕ್ಕನ ಹಾಗೆ ಹೇಳಿದ್ದಳು. ಠಾಣೆಯಲ್ಲಿ ಕಲಿತ ಹಳೆಯ ಉಪಾಯ ಅದು. ತಪ್ಪು ಮಾಡಿದವರು ಅದಕ್ಕೆ ಬಾಯಿಬಿಡುತ್ತಾರೆ ಎಂದು ಅವಳು ಇಷ್ಟು ದಿನ ನಂಬಿದ್ದಳು. ತಪ್ಪು ಮಾಡದವರೂ ತಂಗಿಯ ಸಲುವಾಗಿ ಬಾಯಿಬಿಟ್ಟಾರು ಎಂಬುದು ಅವಳ ತಲೆಗೆ ಹೊಳೆದಿರಲೇ ಇಲ್ಲ.

"ಬಾಯಾರ? ಕೇಳಿಸ್ತೇನ್ರಿ?"

ಆ ಕಡೆಯ ಗದ್ದಲ ಹೆಚ್ಚಾಗಿ, ಹಾಗೆಯೇ ಸಣ್ಣಗಾಯಿತು. ಕರೆ ಕಡಿಯಿತೆಂದು ಬಸವೇಶ್ವರಿ ತಿಳಿದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು.

ಸ್ವಲ್ಪ ಹೊತ್ತಿಗೆ ಬಟ್ಟೆಯ ಸರಸರ ಕೇಳಿಸಿತು. ಕಣ್ಣು ತೆರೆದಾಗ ಪ್ರಭುಲಿಂಗ ಕೋಟು ಬಿಚ್ಚಿ, ಭುಜ ಸರಿಮಾಡಿ, ಮೊದಲಿದ್ದಂತೆಯೇ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದ.

"ಅಣ್ಣಾ, ಏನ್ ಮಾಡಾಕತ್ತಿ?"

"ಆಕಿನಽ ಒಪ್ಪಿಕೊಂಡಾಳಲ್ಲ, ಬಸವ್ವಾ."

"ಅಣ್ಣಾ!"

"ಕೇಳಿಲ್ಲೆ. ಪೊಲೀಸ್ ಕೇಸ್ ಆಗದಂಗ ನಾ ನೋಡ್ಕೋತೇನಿ. ಆಕಿ ತಂಗೀದೂ ನನ್ನ ಜವಾಬ್ದಾರಿ. ಡಿಸ್ಕು ಹೊಸಾವು ಹಾಕಿಸ್ತೇನಿ, ಈ ಸಲ ಮುಂಜಾನಿ ಹೊತ್ತಿನ ಲೆಕ್ಕ ಹಿಡದಽ ಹಾಕಿಸ್ತೇನಿ. ಇನ್ನೊಮ್ಮೆ ಯಾರ ಸೀಟೂ ಹೋಗೂದಿಲ್ಲ." ಅವನು ತಂಗಿಯ ಮುಖ ನೋಡದೆ, ತಾಟಿನಲ್ಲಿ ತಣ್ಣಗಾದ ಸುಸಲಾ ನೋಡುತ್ತ ಮಾತಾಡುತ್ತಿದ್ದ. "ಅಂದಾಜು ತಪ್ಪಿದ್ದು ನಾನಽ. ಆಕಿ ಏನೂ ಮಾಡಿಲ್ಲ, ನನಗೂ ಗೊತ್ತು ನಿನಗೂ ಗೊತ್ತು. ನಮ್ಮಿಬ್ಬರೊಳಗಽ ಇರ್ಲಿ. ಆಕಿ ಸೈ ಮಾಡಿದ ಮ್ಯಾಲ ನಾ ಹೋಗಿ ಯಾಕ ಮಾನ ಕಳಕೊಳ್ಳಲಿ?"

ಬಾಗಿಲಲ್ಲಿ ನಿಂತ ವೈನಿ ಒಳಗೆ ಸರಿದಳು.

ಬಸವೇಶ್ವರಿ ಏಳಲು ಹೋದಳು. ಆಗ ಮೇಜಿನ ಮೇಲಿಂದ ಸಣ್ಣ ದನಿ ಬಂತು.

"ಬಾಯಾರ."

ಇಬ್ಬರೂ ಅತ್ತ ತಿರುಗಿದರು. ಮೊಬೈಲಿನ ಬೆಳಕು ಆರಿರಲಿಲ್ಲ. ಕರೆ ಕಡಿದಿರಲಿಲ್ಲ. ರೋಷನಬಿ ಮಾತು ಕೇಳಿಸಲೆಂದು ಗದ್ದಲದಿಂದ ಈಚೆಗೆ ಬಂದು ನಿಂತಿದ್ದಳು, ಅಷ್ಟೇ.

"ಈಗ ಮಾತಾಡಿದ್ರಲ್ರಿ, ಆಕಿ ಏನೂ ಮಾಡಿಲ್ಲ ಅಂತ. ಅವರು ಯಾರ್ರಿ?"

ಪ್ರಭುಲಿಂಗನ ಮುಖದಲ್ಲಿ ರಕ್ತವಿರಲಿಲ್ಲ. ಅವನು ಎರಡೂ ಕೈ ಎತ್ತಿ ಎದೆಯ ಹತ್ತಿರ ಜೋಡಿಸಿ, ತಂಗಿಯ ಕಡೆ ಬೇಡುವಂತೆ ನೋಡಿದ.

"ಹೇಳ್ರಿ ಬಾಯಾರ" ಎಂದಳು ರೋಷನಬಿ. ಅವಳ ದನಿಯಲ್ಲಿ ಈಗ ಅಳು ಇರಲಿಲ್ಲ. "ಅವರು ನಿಮ್ಮವ್ರಽ ಏನ್ರಿ?"